ಪಂಚಾಯಿತಿ ಗೋಡೆಯ ಕೆಂಪು ದೀಪ

ತಿಪಟೂರಿನ ಎಪಿಎಂಸಿ ಯಾರ್ಡನ್ನು ನೋಡಬೇಕೆಂದರೆ ಟೆಂಡರ್ ದಿನವೇ ಹೋಗಬೇಕು. ಗೇಟಿನಲ್ಲೇ ಕೊಬ್ಬರಿಯ ಎಣ್ಣೆವಾಸನೆ ಮೂಗಿಗೆ ಬಡಿಯುತ್ತದೆ. ಮಂಡಿಗಳ ಮುಂದೆ ಉಂಡೆ ಕೊಬ್ಬರಿಯ ರಾಶಿ, ರಾಶಿಗೊಂದು ಲಾಟ್ ನಂಬರ್. ವರ್ತಕರು ಒಂದೆರಡು ಉಂಡೆ ಎತ್ತಿ, ತೂಗಿ ನೋಡಿ, ಒಡೆದು ಒಳಗಿನ ಬಣ್ಣ ಪರೀಕ್ಷಿಸುತ್ತಾರೆ. ಬೆಲೆಯನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಕಂಪ್ಯೂಟರಿಗೆ ಹೋಗುತ್ತದೆ. ಹೊತ್ತು ಮುಗಿದ ಮೇಲೆ ಟೆಂಡರ್ ತೆರೆದು, ಯಾವ ಲಾಟಿಗೆ ಯಾರು ಹೆಚ್ಚು ಬರೆದರೋ ಅವರಿಗೆ ಮಾಲು. ರಾಜ್ಯ ಸರ್ಕಾರವೂ ಸರಕು ವಿನಿಮಯ ಕೇಂದ್ರವಾದ ಎನ್‌ಸಿಡೆಕ್ಸ್‌ನ ಅಂಗಸಂಸ್ಥೆಯೂ ಸೇರಿ 2014ರಲ್ಲಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಈ ಏರ್ಪಾಡನ್ನು ರಾಜ್ಯದ ಮಾರುಕಟ್ಟೆಗಳಿಗೆ ತಂದಿತು. ಒಳ್ಳೆಯ ಏರ್ಪಾಡೇ. ಪಕ್ಕದವನು ಏನು ಬರೆದ ಎಂದು ಗೊತ್ತಾಗದಿದ್ದಾಗ ವರ್ತಕರು ಒಂದಾಗಿ ಬೆಲೆ ಇಳಿಸುವುದು ಕಷ್ಟ.

ನಾನು ಹೋದ ದಿನ ಮಧ್ಯಾಹ್ನದ ಹೊತ್ತಿಗೆ ಪರದೆ ನಿಂತುಹೋಯಿತು. ಮಂಡಿಯ ಜಗಲಿಯಲ್ಲಿ ಕುಳಿತಿದ್ದ ವಯಸ್ಸಾದ ರೈತರೊಬ್ಬರು ಒಳಗಿದ್ದ ಹುಡುಗನನ್ನು ಕೇಳಿದರು: “ಏನ್ ಮಗಾ, ಬಂತಾ?” “ಇಲ್ಲ ತಾತ, ಸುತ್ತುತಾನೇ ಐತೆ.”

ತಾತ ಕಾಯುವುದಕ್ಕೆ ಹೊಸಬರಲ್ಲ. ಕಾಯಿ ಅಟ್ಟ ಸೇರಿ, ತಿಂಗಳುಗಟ್ಟಲೆ ಅಲ್ಲೇ ಕೂತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಎನ್ನುವವರೆಗೆ ಕಾದೇ ಇವರು ಬಂದಿರುವುದು. ಆ ಕಾಯುವಿಕೆಗೆ ಒಂದು ಲೆಕ್ಕವಿದೆ, ಕೊನೆಯಲ್ಲಿ ಮಾಲು ಕೈಗೆ ಬರುತ್ತದೆ. ಸರ್ವರ್‌ಗಾಗಿ ಕಾಯುವುದಕ್ಕೆ ಲೆಕ್ಕವಿಲ್ಲ. ಊರಿಗೆ ಹೋಗುವ ಬಸ್ಸು ಮಾತ್ರ ತನ್ನ ಹೊತ್ತಿಗೆ ಹೊರಟುಬಿಡುತ್ತದೆ.

2024ರ ಆರಂಭದಲ್ಲಿ ಈ ಸೀಮೆಯವರು ಇಂಥ ಕಾಯುವಿಕೆಯನ್ನು ಇನ್ನೂ ಕಠಿಣವಾಗಿ ಕಂಡರು. ಪೇಟೆಯಲ್ಲಿ ಬೆಲೆ ಕುಸಿದಿತ್ತು. ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆಯಲ್ಲಿ ನಾಫೆಡ್ ಖರೀದಿ ಎಂದಾಯಿತು. ಖರೀದಿಯ ಪ್ರಮಾಣಕ್ಕೆ ಮಿತಿ, ಮೊದಲು ನೋಂದಾಯಿಸಿದವರಿಗೆ ಮೊದಲ ಅವಕಾಶ. ನೋಂದಣಿ ಕೆಲವೇ ದಿನಗಳಲ್ಲಿ ಮುಗಿದುಹೋಗಿ, ಅಕ್ರಮದ ದೂರು ಎದ್ದು, ಅದನ್ನು ರದ್ದುಮಾಡಿ ಮಾರ್ಚ್‌ನಲ್ಲಿ ಬಯೋಮೆಟ್ರಿಕ್ ಹಾಕಿ ಮತ್ತೆ ನಡೆಸಬೇಕಾಯಿತು. ಮೊದಲು ಬಂದವರಿಗೆ ಎಂಬ ನಿಯಮ ಇರುವ ಕಡೆ ನಿಧಾನದ ನೆಟ್ ಬರೀ ಕಿರಿಕಿರಿಯಲ್ಲ. ಸಾಲಿನಲ್ಲಿ ನಿಂತವನ ಪಾಲನ್ನೇ ಅದು ಕಸಿಯಬಲ್ಲದು.

ಈ ನೆಟ್ ಎಲ್ಲಿ ಸೋಲುತ್ತದೆಂದು ನೋಡಲು ಪೇಟೆಯಿಂದ ಬಿ.ಎಚ್. ರಸ್ತೆ ಹಿಡಿದು ಕಿಬ್ಬನಹಳ್ಳಿ ಕ್ರಾಸಿಗೆ ಬಂದೆ. ಇಲ್ಲಿಂದ ಒಂದು ಕವಲು ತುರುವೇಕೆರೆಗೆ, ಇನ್ನೊಂದು ಚಿಕ್ಕನಾಯಕನಹಳ್ಳಿಗೆ. ಅಲ್ಲಿಂದ ಒಳದಾರಿ ಹಿಡಿದರೆ ಎರಡೂ ಕಡೆ ತೆಂಗಿನ ತೋಟ, ತೋಟದೊಳಗೇ ಮನೆ. ಮೊಬೈಲಿನ ನಾಲ್ಕು ಕಡ್ಡಿ ಎರಡಾಗಿ, ಎರಡು ಒಂದಾಯಿತು. ಗರಿಗಳು ರೇಡಿಯೋ ತರಂಗವನ್ನು ಹೀರುತ್ತವೆ, ಚದುರಿಸುತ್ತವೆ. ಮಳೆಗೆ ನೆನೆದ ಗರಿ ಇನ್ನೂ ಹೆಚ್ಚು. 700 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಾಂತರ ಮರಗಳ ನಡುವೆ ಒಂದಷ್ಟು ತೂರಿಕೊಂಡು ಬರುತ್ತದೆ, 2300ರಂಥದ್ದು ಬೇಗ ಸೋಲುತ್ತದೆ. ಅದಕ್ಕೇ ಇಲ್ಲಿನ ಹುಡುಗರು ಓಟಿಪಿ ಬರಬೇಕಾದಾಗ ಕೆರೆ ಏರಿ ಹತ್ತುತ್ತಾರೆ. ಕರೆಂಟ್ ಹೋಗಿ ಬಹಳ ಹೊತ್ತಾದರೆ ಟವರಿನ ಬ್ಯಾಟರಿಯೂ ಇಳಿದು ಆ ಒಂದು ಕಡ್ಡಿಯೂ ಹೋಗುತ್ತದೆ.

ಹಾಗಾದರೆ ನೆಲದೊಳಗಿನ ತಂತಿ? ಒಂದು ಗ್ರಾಮ ಪಂಚಾಯಿತಿ ಕಚೇರಿಗೆ ಹೋದೆ. ಗೋಡೆಯ ಮೇಲೆ ಚಿಕ್ಕ ಬಿಳಿ ಡಬ್ಬಿ, ಅದರಲ್ಲಿ ಎಲ್‌ಓಎಸ್ ಎಂದು ಬರೆದ ಜಾಗದಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಆ ದೀಪಕ್ಕೆ ಅರ್ಥವಿದೆ: ಡಬ್ಬಿಗೆ ಕರೆಂಟ್ ಇದೆ, ಆದರೆ ಗಾಜಿನ ಎಳೆಯೊಳಗಿಂದ ಬೆಳಕು ಬರುತ್ತಿಲ್ಲ. ಹೆಚ್ಚಿನ ಸಲ ಎಲ್ಲೋ ಕೇಬಲ್ ತುಂಡಾಗಿರುತ್ತದೆ. ಯಾವ ದೀಪವೂ ಉರಿಯದಿದ್ದರೆ ತೊಂದರೆ ಕಚೇರಿಯ ಕರೆಂಟಿನದು ಅಥವಾ ಡಬ್ಬಿಯದೇ. ದೂರು ಕೊಡುವವರು ಇಷ್ಟನ್ನು ಹೇಳಿದರೂ ಅರ್ಧ ಕೆಲಸ ಹಗುರ.

ಪಕ್ಕದ ಬಾಪೂಜಿ ಸೇವಾ ಕೇಂದ್ರದ ಕುರ್ಚಿ ಖಾಲಿ. ಪಹಣಿಗೆ ಬಂದಿದ್ದ ಹೆಂಗಸೊಬ್ಬರು ಬಾಗಿಲಲ್ಲೇ ನಿಂತಿದ್ದರು. “ನಿನ್ನೆನೂ ಬಂದಿದ್ದೆ ಕಣಣ್ಣ, ಒಂದು ದಿನದ ಕೂಲಿ ಹೋಯ್ತು, ಇವತ್ತೂ ಹೋದಂಗೇ.” ನ್ಯಾಯಬೆಲೆ ಅಂಗಡಿಯಲ್ಲೂ ಅದೇ ಕಥೆ: ಹೆಬ್ಬೆಟ್ಟು ಒತ್ತುತ್ತಾರೆ, ಯಂತ್ರ ಯೋಚಿಸುತ್ತಲೇ ಇರುತ್ತದೆ.

ಹಳ್ಳಿಹಳ್ಳಿಗೂ ಈ ಕೇಬಲ್ ತರುವ ಯೋಜನೆಗೆ ಕೇಂದ್ರ ಒಪ್ಪಿದ್ದು 2011ರಲ್ಲಿ, ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದದ್ದು ಆಮೇಲೆ. ಗುರಿ ದೇಶದ ಸುಮಾರು 2.5 ಲಕ್ಷ ಪಂಚಾಯಿತಿ. ಆದರೆ ಮೊದಲ ಹಂತಗಳಲ್ಲಿ ಹೆಚ್ಚಿನ ಕಡೆ ಕೇಬಲ್ ಎಳೆದದ್ದು ಮರದ ಕೊಂಬೆಯ ಹಾಗೆ, ತಾಲ್ಲೂಕು ಕೇಂದ್ರದಿಂದ ಕವಲೊಡೆಯುತ್ತ. ಬುಡದಲ್ಲಿ ಒಂದು ಕಡೆ ಜೆಸಿಬಿ ಹಲ್ಲು ತಾಗಿದರೆ ಅದರಾಚೆಯ ಪಂಚಾಯಿತಿಗಳೆಲ್ಲ ಕತ್ತಲು. ತುಮಕೂರು–ಶಿವಮೊಗ್ಗ ಹೆದ್ದಾರಿಯ ಅಗಲೀಕರಣ, ಮನೆಮನೆಗೆ ನಲ್ಲಿಯ ಪೈಪು, ಚರಂಡಿ ಎಂದು ರಸ್ತೆಬದಿಯ ನೆಲ ಮತ್ತೆಮತ್ತೆ ಅಗೆಯಲ್ಪಟ್ಟ ಸೀಮೆ ಇದು. ಅಗೆಯುವ ಮೊದಲು ಕೇಬಲ್ಲಿನವರಿಗೆ ತಿಳಿಸಲೆಂದು 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಂದಿದೆ. ದಾರಿಯಲ್ಲಿ ಸಿಕ್ಕ ಜೆಸಿಬಿ ಚಾಲಕನನ್ನು ಕೇಳಿದೆ. ಅವನು ಅದರ ಹೆಸರೇ ಕೇಳಿರಲಿಲ್ಲ.

ತುಂಡಾದ ಎಳೆಯನ್ನು ಬೆಸೆಯುವುದು ದೊಡ್ಡ ಕೆಲಸವೇನಲ್ಲ. ಎಷ್ಟು ದೂರದಲ್ಲಿ ತುಂಡಾಗಿದೆ ಎಂದು ಅಳೆದು ಹೇಳುವ ಯಂತ್ರವಿದೆ, ಎರಡು ತುದಿಗಳನ್ನು ಕರಗಿಸಿ ಕೂಡಿಸುವ ಯಂತ್ರವೂ ಇದೆ. ಜಾಗ ಸಿಕ್ಕ ಮೇಲೆ ಕೆಲವು ಗಂಟೆಗಳ ಮಾತು. ದಿನಗಳು ಹಿಡಿಯುವುದು ಯಾರ ಕೇಬಲ್, ಯಾರು ಕಡಿದರು, ಯಾರು ಬರಬೇಕು ಎಂಬ ಮಾತುಕತೆಗೆ. 2023ರ ಆಗಸ್ಟ್‌ನಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ತಿದ್ದಿದ ಯೋಜನೆಗೆ ಒಪ್ಪಿಗೆ ಸಿಕ್ಕಿದೆ. ಅದರಲ್ಲಿ ಪಂಚಾಯಿತಿಗಳನ್ನು ಉಂಗುರದಂತೆ ಜೋಡಿಸಬೇಕು. ಒಂದು ಕಡೆ ಕಡಿದರೆ ಸಂಪರ್ಕ ಇನ್ನೊಂದು ಸುತ್ತಿನಿಂದ ಬರುತ್ತದೆ. ಸರಿಯಾದ ದಾರಿ ಇದೇ.

ಆದರೆ ಉಂಗುರ ಕೂಡುವ ತನಕ ಬೇಕಾದದ್ದು ಕಾಗದ. ನೆಟ್ ಇಲ್ಲದ ದಿನ ರೈತ ಬಂದ ಹೊತ್ತನ್ನು ಪುಸ್ತಕದಲ್ಲಿ ಬರೆದು, ಕ್ರಮಸಂಖ್ಯೆಯ ಚೀಟಿ ಕೊಟ್ಟು, ನೆಟ್ ಬಂದಾಗ ಅದೇ ಕ್ರಮದಲ್ಲಿ ಏರಿಸಬೇಕು. ಉದ್ಯೋಗ ಖಾತರಿಯ ಹಾಜರಾತಿ ಆ್ಯಪ್‌ನಲ್ಲಿ ನೆಟ್ ಇಲ್ಲದಾಗ ಫೋಟೋ ತೆಗೆದಿಟ್ಟು ಆಮೇಲೆ ಕಳಿಸುವ ಅವಕಾಶವಿತ್ತು. ಕೊಬ್ಬರಿ ನೋಂದಣಿಗೂ ಪಡಿತರಕ್ಕೂ ಅಂಥದ್ದೊಂದು ದಾರಿ ಮಾಡಿಕೊಡಲು ಆಗದೆಂದು ನಾನು ಒಪ್ಪಲಾರೆ.

ಸಂಜೆ ವಾಪಸಾಗುವಾಗ ಮತ್ತೆ ಅದೇ ಪಂಚಾಯಿತಿಯ ಮುಂದೆ ನಿಂತೆ. ಬೀಗ ಬಿದ್ದಿತ್ತು. ಕಿಟಕಿಯಲ್ಲಿ ಕೆಂಪು ದೀಪ ಹಾಗೇ ಮಿಣುಕುತ್ತಿತ್ತು. ಈ ಸೀಮೆಯ ಓದುಗರಲ್ಲಿ ಒಂದು ಬೇಡಿಕೆ: ಮುಂದಿನ ಗ್ರಾಮಸಭೆಗೆ ಹೋಗಿ. ಕಳೆದ ವರ್ಷ ನಮ್ಮ ಪಂಚಾಯಿತಿಯ ಕೇಬಲ್ ಎಷ್ಟು ದಿನ ಸತ್ತಿತ್ತು, ದುರಸ್ತಿಯ ಹೊಣೆ ಯಾರದು, ಅವರ ಫೋನ್ ನಂಬರ್ ಏಕೆ ಗೋಡೆಯ ಮೇಲಿಲ್ಲ ಎಂದು ಕೇಳಿ. ಕೇಳಿ ಸುಮ್ಮನಾಗಬೇಡಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ.