ತಾಯಿಯ ಹಸಿವು, ಮಗುವಿನ ಕೊಬ್ಬು

ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಒಂದು ಶಿಸ್ತು ನಡೆದುಬಂದಿತ್ತು. ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಹಳೆಯ ಪುಸ್ತಕಗಳು ಮುಂದೊಂದು ದಿನ ವೈದ್ಯಲೋಕದ ಕಣ್ಣು ತೆರೆಸುತ್ತವೆಂದು ಬರೆದವರು ಎಣಿಸಿರಲಾರರು.

1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕವಿದ್ದು ಹುಟ್ಟಿದವರಲ್ಲಿ, ನಡುವಯಸ್ಸು ದಾಟುವ ಹೊತ್ತಿಗೆ, ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. ಹುಟ್ಟುವಾಗ 3.1 ಕಿಲೋ ಮೀರಿದ್ದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ. ಬಡಕಲು ತಾಯಂದಿರ ಮಕ್ಕಳಲ್ಲೇ ಕಾಯಿಲೆ ಹೆಚ್ಚು.

ಹೊಟ್ಟೆಯಲ್ಲಿದ್ದಾಗಿನ ಅರೆಹೊಟ್ಟೆ ಐವತ್ತು ವರ್ಷಗಳ ನಂತರ ಕಾಡುವುದು ಹೇಗೆ? ಇದಕ್ಕೆ ದೂರದ ನೆದರ್ಲೆಂಡ್ಸ್‌ನ ದುರಂತವೊಂದು ಉತ್ತರ ನೀಡಿತು. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಅಲ್ಲಿನ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆ ತಡೆಯಿತು. ದಿನದ ಪಡಿತರ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಆಗ ಗರ್ಭದಲ್ಲಿದ್ದ ಗಂಡುಮಕ್ಕಳು 19 ವರ್ಷಕ್ಕೆ ಸೇನಾ ತಪಾಸಣೆಗೆ ಬಂದಾಗ ವಿಚಿತ್ರವೊಂದು ಕಂಡಿತು. ಗರ್ಭದ ಮೊದಲರ್ಧದಲ್ಲಿ ಬರಗಾಲ ಕಂಡವರಲ್ಲಿ ಬೊಜ್ಜು ಹೆಚ್ಚಾಗಿತ್ತು! ಗರ್ಭದ ಆರಂಭದ ತಿಂಗಳುಗಳಲ್ಲೇ ಹಸಿವು ತಟ್ಟಿದವರನ್ನು ಐವತ್ತರ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಒಳ್ಳೆಯದಕ್ಕೆ ಹೋಲಿಸಿದರೆ ಹೆಚ್ಚಾಗಿತ್ತು.

ತಜ್ಞರ ವಿವರಣೆ ಹೀಗಿದೆ. ಬರಗಾಲದ ಮನೆಯಲ್ಲಿ ಯಜಮಾನ ಇದ್ದುದನ್ನು ಅಳೆದು ಹಂಚುವಂತೆ, ಆಹಾರ ಸಾಲದ ಭ್ರೂಣವೂ ಮೊದಲ ಪಾಲನ್ನು ಮಿದುಳಿಗೆ ಕೊಡುತ್ತದೆ. ಸ್ನಾಯು, ಯಕೃತ್ತು, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ಸೊರಗುತ್ತವೆ. ಹೊರಗೂ ಬರಗಾಲವೇ ಇದೆಯೆಂದು ದೇಹ ಉಳಿತಾಯಕ್ಕೆ ಒಗ್ಗಿಕೊಳ್ಳುತ್ತದೆ. ಮುಂದೆ ಊಟ ಧಾರಾಳವಾದಾಗ ಅದನ್ನು ಉರಿಸಲು ಸ್ನಾಯುವಿಲ್ಲ. ಮಿಕ್ಕಿದ್ದು ಕೊಬ್ಬಾಗಿ ಹೊಟ್ಟೆಯೊಳಗೆ, ಯಕೃತ್ತಿನಲ್ಲಿ ಸೇರುತ್ತದೆ. ಇನ್ಸುಲಿನ್ ಮಾತು ನಡೆಯದಾಗುತ್ತದೆ. ರಕ್ತದಲ್ಲಿ ಸಕ್ಕರೆಯೂ ಕೊಬ್ಬೂ ಏರುತ್ತವೆ.

ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ 1993ರಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಆರಂಭಿಸಿದ ಅಧ್ಯಯನ ಇದಕ್ಕೆ ಇನ್ನಷ್ಟು ಬಲ ನೀಡಿತು. ಅಲ್ಲಿನ ಕೂಸುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಕೂಸುಗಳದು 3.5. ನಮ್ಮ ಕೂಸುಗಳಲ್ಲಿ ಸ್ನಾಯು ತೀರಾ ಕಡಿಮೆ. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅವರಷ್ಟೇ! ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಗರ್ಭಿಣಿಯರು ಸೊಪ್ಪು, ಹಣ್ಣು, ಹಾಲು ಹೆಚ್ಚಾಗಿ ತಿಂದಲ್ಲಿ ಕೂಸುಗಳು ದಷ್ಟಪುಷ್ಟವಾಗಿದ್ದವು. ಬರೀ ಹೊಟ್ಟೆ ತುಂಬಿದರೆ ಸಾಲದು, ಸತ್ವವೂ ಬೇಕು.

ಹಾಗೆಂದು ಸಣ್ಣಗೆ ಹುಟ್ಟಿದವರ ಹಣೆಬರಹ ಮುಗಿಯಿತೆಂದಲ್ಲ. ಮೈ ದಣಿಯುವ ದುಡಿಮೆ, ಹಿತಮಿತದ ಊಟ ಅಪಾಯವನ್ನು ತಗ್ಗಿಸುತ್ತವೆ. ಸಣ್ಣ ಕೂಸನ್ನು ಬೇಗ ದಪ್ಪಗೆ ಮಾಡುವ ಅವಸರ ಒಳ್ಳೆಯದಲ್ಲ. ಆದರೆ ಬೇರಿಗೆ ನೀರೆರೆಯುವುದೇ ಮೇಲು. ಕರ್ನಾಟಕದಲ್ಲಿ 2017ರಲ್ಲಿ ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ ಆರಂಭವಾದದ್ದು ಇದೇ ದಿಕ್ಕಿನ ಹೆಜ್ಜೆ.

ಉಳಿದ ಹೆಜ್ಜೆ ಮನೆಯೊಳಗಿನದು. ಕೂಸು ದಪ್ಪವಾದರೆ ಹೆರಿಗೆ ಕಷ್ಟವೆಂದು ಬಸುರಿಯ ತುತ್ತು ಕಡಿಮೆ ಮಾಡುವ ಹಿರಿಯರು ಇನ್ನೂ ಇದ್ದಾರೆ. ಎಲ್ಲರ ಊಟವಾದ ಮೇಲೆ ತಪ್ಪಲೆಯ ತಳ ಕೆರೆದು ಉಣ್ಣುವ ಸೊಸೆಯಂದಿರೂ ಇದ್ದಾರೆ. ಆ ತಪ್ಪಲೆಯಲ್ಲಿ ಉಳಿಯದೆ ಹೋದ ಸಾರು, ಪಲ್ಯ, ಮಜ್ಜಿಗೆಯ ಲೆಕ್ಕವನ್ನು ಕೂಸಿನ ದೇಹ ಮರೆಯುವುದಿಲ್ಲ.