ಕಾರು ಕಾದ ಮೇಲೆ ಓಡಿಸಿದ ಎರಡು ಕಿಲೋಮೀಟರ್

ವಾರಂಟಿ ಮುಗಿದ ಕಾರಿನ ಎಂಜಿನ್ ಕೈಕೊಟ್ಟರೆ ಬಿಲ್ಲು ಲಕ್ಷದ ಹತ್ತಿರ ಹೋಗುವುದೂ ಉಂಟು. ಅಂಥ ಬಿಲ್ಲುಗಳಲ್ಲಿ ಎಷ್ಟೋ ಶುರುವಾಗುವುದು ಬಿರುಕುಬಿಟ್ಟ ರಬ್ಬರ್ ಹೋಸ್ ಅಥವಾ ಸೋರುವ ವಾಟರ್ ಪಂಪಿನಿಂದ. ಇಷ್ಟು ಅಗ್ಗದ ಬಿಡಿಭಾಗ ಇಡೀ ಎಂಜಿನ್ನನ್ನು ಕೆಡಿಸುವುದು ಹೇಗೆ?

ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲಷ್ಟೇ ಕಾರು ಓಡಿಸುವ ಕೆಲಸಕ್ಕೆ ಬರುತ್ತದೆ. ಉಳಿದದ್ದು ಬಹುಪಾಲು ಶಾಖ. ಸಿಲಿಂಡರಿನೊಳಗೆ ಉರಿಯುವ ಅನಿಲ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರ ನೆತ್ತಿಯ ಮೇಲೆ ಕೂತಿರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಹೆಡ್ಡನ್ನು ಕಾಯುತ್ತಿರುವುದು ಅದರೊಳಗಿನ ಕಾಲುವೆಗಳಲ್ಲಿ ಎಡೆಬಿಡದೆ ಹರಿಯುವ, 90 ಡಿಗ್ರಿಯ ಆಸುಪಾಸಿನ ಕೂಲೆಂಟ್. ಪ್ರೆಶರ್ ಕುಕ್ಕರಿನಂತೆ ಒತ್ತಡ ಹಿಡಿದಿಡುವ ಮುಚ್ಚಳ ಇರುವುದರಿಂದ ಅದು 100 ಡಿಗ್ರಿಗೆ ಕುದಿಯುವುದಿಲ್ಲ. ಹೋಸ್ ಸೋರಿತೆಂದರೆ ಕೂಲೆಂಟಿನ ಜೊತೆಗೆ ಆ ಒತ್ತಡವೂ ಹೋಯಿತು. ಉಳಿದದ್ದು ಕುದಿದು ಆವಿಯಾಗುತ್ತದೆ.

ಆಗ ಹೆಡ್ ಮಿತಿಮೀರಿ ಹಿಗ್ಗುತ್ತದೆ. ಕೆಳಗಿನ ಬ್ಲಾಕ್ ಬೀಡುಕಬ್ಬಿಣದ್ದಾದರೆ ಅದು ಹಿಗ್ಗುವುದು ಅಲ್ಯೂಮಿನಿಯಂನ ಅರ್ಧದಷ್ಟು ಮಾತ್ರ. ಬೋಲ್ಟುಗಳು ಬಿಗಿಹಿಡಿದಿರುವುದರಿಂದ ಹಿಗ್ಗಲು ಜಾಗವಿಲ್ಲದ ಹೆಡ್ ಸೊಟ್ಟಗಾಗುತ್ತದೆ, ಎರಡರ ನಡುವೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಬಿಟ್ಟುಕೊಳ್ಳುತ್ತದೆ. ಸೈಲೆನ್ಸರಿನಿಂದ ಬಿಡದೆ ಬರುವ ಬಿಳಿ ಹೊಗೆ, ಆಯಿಲ್ ಮುಚ್ಚಳದಡಿ ಹಾಲು ಬೆರೆಸಿದಂಥ ಬಣ್ಣ, ಎಲ್ಲೂ ಸೋರದೆ ಇಳಿಯುವ ಕೂಲೆಂಟ್ ಇದರ ಲಕ್ಷಣಗಳು.

ಬಿಚ್ಚಿದ ಹೆಡ್ಡಿನ ಮೇಲೆ ಮೆಕ್ಯಾನಿಕ್ ನೇರವಾದ ಉಕ್ಕಿನ ಪಟ್ಟಿಯನ್ನು ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಇಟ್ಟು, ಅದರಡಿ ಫೀಲರ್ ಗೇಜಿನ ತೆಳು ಎಸಳನ್ನು ತೂರಿಸಿ ನೋಡುತ್ತಾರೆ. ಅನೇಕ ಎಂಜಿನ್‌ಗಳಲ್ಲಿ 0.05 ಮಿಲಿಮೀಟರಿನ ಎಸಳು ಸಲೀಸಾಗಿ ಒಳಹೋದರೆ ಹೆಡ್ಡನ್ನು ಫೇಸಿಂಗಿಗೆ, ಅಂದರೆ ಮೇಲ್ಮೈ ಸಮತಟ್ಟು ಮಾಡಿಸಲು, ಕಳಿಸಬೇಕು. ಗ್ಯಾಸ್ಕೆಟ್ ಅಂಥ ದುಬಾರಿಯಲ್ಲ. ಅದನ್ನು ಮುಟ್ಟಲು ಮ್ಯಾನಿಫೋಲ್ಡ್, ಟೈಮಿಂಗ್ ಚೈನ್, ಕ್ಯಾಮ್‌ಶಾಫ್ಟ್ ಎಲ್ಲ ಬಿಚ್ಚಬೇಕಲ್ಲ, ಆ ಕೂಲಿ ದುಬಾರಿ. ಹಲವು ಕಾರುಗಳಲ್ಲಿ ಹೆಡ್ ಬೋಲ್ಟುಗಳೂ ಹೊಸವೇ ಆಗಬೇಕು. ಆಯಿಲಿಗೆ ನೀರು ಸೇರಿ ಬೇರಿಂಗ್ ಸವೆದಿದ್ದರೆ ಎಂಜಿನ್ನೇ ಇಳಿಸಬೇಕಾಗುತ್ತದೆ.

ಈ ಖರ್ಚನ್ನು ಸಾಮಾನ್ಯ ಕಾರು ವಿಮೆ ಕೊಡುವುದಿಲ್ಲ. ಯಾಂತ್ರಿಕ ವೈಫಲ್ಯ, ಸವೆತ ಎರಡೂ ಅದರ ಹೊರಗೆ. ‘ಎಂಜಿನ್ ಪ್ರೊಟೆಕ್ಟ್’ ಎಂದು ಹೆಚ್ಚುವರಿ ಹಣ ಕೊಟ್ಟು ಪಡೆಯುವ ರಕ್ಷಣೆ ಮುಖ್ಯವಾಗಿ ನೀರು ನುಗ್ಗಿದಾಗಿನ ಹಾನಿಗೆ, ಆಯಿಲ್ ಸೋರಿ ಆದ ಹಾನಿಗೆ. ಹೀಗಾಗಿ ದುಡ್ಡು ನಮ್ಮದೇ. ಕೊಡುವ ಮುನ್ನ ಪ್ರತಿ ಸಿಲಿಂಡರಿನ ಕಂಪ್ರೆಶನ್ ಅಳೆಸಿ. ಎಸ್ಟಿಮೇಟನ್ನು ಬರವಣಿಗೆಯಲ್ಲಿ ಪಡೆಯಿರಿ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ನೋಡಿ. ಒಟ್ಟು ಖರ್ಚು ಕಾರಿನ ಇಂದಿನ ಮಾರಾಟ ಬೆಲೆಯ ಅರ್ಧ ದಾಟಿದರೆ ಮಾರುವ ಲೆಕ್ಕವನ್ನೂ ಹಾಕಿ. ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸುವುದಾದರೆ ಹೊಸ ಎಂಜಿನ್ ನಂಬರನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಲೇಬೇಕು.

ಇಷ್ಟೆಲ್ಲ ರಗಳೆಯನ್ನು ತಪ್ಪಿಸುವ ಅವಕಾಶ ಇರುವುದು ಕಾರು ಕಾದ ಮೊದಲ ನಿಮಿಷದಲ್ಲಿ. ಶಿರಾಡಿ ಘಾಟಿ ಹತ್ತುವಾಗ ತಾಪಮಾನದ ಮುಳ್ಳು ಮೇಲೇರಿತೆನ್ನಿ, ‘ಇನ್ನೆರಡು ಕಿಲೋಮೀಟರ್, ಗ್ಯಾರೇಜ್ ಸಿಗುತ್ತೆ’ ಎಂದು ಆಕ್ಸಿಲರೇಟರ್ ಒತ್ತಬೇಡಿ. ಮುಳ್ಳು ತಾನಾಗಿ ಇಳಿದರೂ ನಂಬಬೇಡಿ: ಕೂಲೆಂಟ್ ಪೂರ್ತಿ ಖಾಲಿಯಾದರೆ ಸೆನ್ಸರಿಗೆ ದ್ರವ ತಾಗದೆ ಅದು ಸುಳ್ಳು ತೋರಿಸಬಲ್ಲದು. ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಅದು ತಣಿಯುವವರೆಗೆ ಮುಚ್ಚಳ ತೆಗೆಯಬೇಡಿ, ತಣ್ಣೀರು ಸುರಿಯಬೇಡಿ. ಟೋ ಗಾಡಿಯವರು ಎಷ್ಟೇ ಕೇಳಲಿ, ಎಂಜಿನ್ ಇಳಿಸುವ ಖರ್ಚಿಗಿಂತ ಅದು ಅಗ್ಗ.