ಮಿಕ್ಸರ್ ವೈರು ಕಂಪ್ಯೂಟರ್ ಸೇರುವಾಗ

ಕಪಿಲೆ ಬಂದು ಕಾವೇರಿಯನ್ನು ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದವರು ಪಿಟೀಲು ಚೌಡಯ್ಯನವರು. ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕ್ ಇನ್ನೂ ಕಚೇರಿಗಳಿಗೆ ಕಾಲಿಡದ ದಿನಗಳಲ್ಲಿ ಹಿಂದೆ ಕುಳಿತವರಿಗೆ ಪಿಟೀಲಿನ ನಾದ ಮುಟ್ಟುತ್ತಿರಲಿಲ್ಲ. ಅದಕ್ಕೆಂದೇ ಅವರು ನಾಲ್ಕು ತಂತಿಯ ವಾದ್ಯಕ್ಕೆ ಮತ್ತೆ ಮೂರು ತಂತಿ ಸೇರಿಸಿ, ಏಳು ತಂತಿಯ ಪಿಟೀಲು ಹಿಡಿದರು. ದನಿಯನ್ನು ದೂರ ಮುಟ್ಟಿಸುವುದು ಆ ಕಾಲದ ಕಷ್ಟವಾಗಿತ್ತು.

ಈಗ ಆ ಕೆಲಸ ಮೈಕ್‌ಸೆಟ್ಟಿನದು. ನಂಜನಗೂಡಿನ ದೊಡ್ಡ ಜಾತ್ರೆ, ಸುತ್ತೂರಿನ ಭಜನಾ ಮೇಳ, ಮೂಗೂರಿನ ತೇರು, ಎಲ್ಲಿಗೆ ಹೋದರೂ ಒಂದು ಮೇಜಿನ ಮೇಲೆ ಮಿಕ್ಸರ್ ಕುಳಿತಿರುತ್ತದೆ. ಎಷ್ಟೋ ಊರುಗಳ ಭಜನೆ ತಂಡಗಳು ಆರು ಚಾನೆಲ್ಲಿನದೋ ಎಂಟು ಚಾನೆಲ್ಲಿನದೋ ಸ್ವಂತ ಮಿಕ್ಸರ್ ಇಟ್ಟುಕೊಂಡಿವೆ. ಅದನ್ನೇ ಮನೆಯ ಕಂಪ್ಯೂಟರಿಗೆ ಸಿಕ್ಕಿಸಿ, ತಂಬೂರಿ ಪದವನ್ನೋ ಭಜನೆಯನ್ನೋ ರೆಕಾರ್ಡ್ ಮಾಡಬಹುದಲ್ಲ ಎಂದು ಹುಡುಗರು ಕೇಳುತ್ತಾರೆ. ಖಂಡಿತ ಮಾಡಬಹುದು. ಆದರೆ ಮೈದಾನ ತುಂಬಿಸಲು ಕಲಿತ ಕೈಗಳು ಮನೆಯೊಳಗೆ ಬೇರೆ ರೂಢಿಗಳನ್ನು ಕಲಿಯಬೇಕಾಗುತ್ತದೆ. ಈ ಅಧ್ಯಾಯದ ತಿರುಳು ಅಷ್ಟೆ.

ಮೊದಲು ಮಿಕ್ಸರಿನ ಯುಎಸ್‌ಬಿ ಕಿಂಡಿಯನ್ನು ನೋಡಿ. ಪೆನ್‌ಡ್ರೈವ್ ಕೂರುವಂಥ ಚಪ್ಪಟೆ ಕಿಂಡಿ ಮಾತ್ರ ಇದ್ದರೆ, ಬಹುಮಟ್ಟಿಗೆ ಅದು ಹಾಡು ನುಡಿಸಲು ಕೊಟ್ಟದ್ದು. ಕಂಪ್ಯೂಟರಿಗೂ ಅದಕ್ಕೂ ಮಾತಿಲ್ಲ. ಪ್ರಿಂಟರಿನ ಹಿಂದೆ ಇರುವಂಥ ಚೌಕದ ಕಿಂಡಿ ಇದ್ದರೆ ಮಿಕ್ಸರ್ ತಾನೇ ಒಂದು ಸೌಂಡ್ ಕಾರ್ಡ್ ಎಂದುಕೊಳ್ಳಬಹುದು. ಆಗ ಒಂದೇ ವೈರು ಸಾಕು. ಚೌಕದ ಕಿಂಡಿ ಇಲ್ಲದ ಮಿಕ್ಸರಾದರೆ ನಡುವೆ ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ ಬೇಕು.

ಪೆಟ್ಟಿಗೆಯ ಖರ್ಚು ಉಳಿಸಲು ಹಲವರು ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿಗೇ ಮಿಕ್ಸರಿನ ಮೇನ್ ಔಟ್ ಸಿಕ್ಕಿಸುತ್ತಾರೆ. ಅಲ್ಲೇ ಕೆಡುವುದು. ಆ ತೂತಿನ ಮೈಕ್ ದಾರಿ ಕೆಲವೇ ಮಿಲಿವೋಲ್ಟ್ ಸಂಕೇತವನ್ನು ನಿರೀಕ್ಷಿಸುತ್ತದೆ. ಮಿಕ್ಸರಿನ ಮೇನ್ ಔಟ್ ಕೊಡುವುದೋ ಒಂದು ವೋಲ್ಟಿನ ಆಸುಪಾಸು. ವೃತ್ತಿಪರ ಉಪಕರಣಗಳ ಲೆಕ್ಕದಲ್ಲಿ 1.23 ವೋಲ್ಟ್. ನೂರಾರು ಪಟ್ಟು ಹೆಚ್ಚು. ಎಷ್ಟು ತಗ್ಗಿಸಿದರೂ ಸೌಂಡ್ ಒಡೆಯುತ್ತದೆ. ಸಾಲದ್ದಕ್ಕೆ ಆ ದಾರಿ ಒಂಟಿ ಚಾನೆಲ್ಲಿನದು, ಎಡಬಲ ಎಂಬುದೇ ಇಲ್ಲ. ಹಳೆಯ ಡೆಸ್ಕ್‌ಟಾಪುಗಳ ಹಿಂದೆ ನೀಲಿ ಬಣ್ಣದ ತೂತೊಂದಿರುತ್ತದೆ. ಅದು ಲೈನ್ ಇನ್. ಮಿಕ್ಸರಿನ ‘ರೆಕ್ ಔಟ್’ ಅಥವಾ ‘ಟೇಪ್ ಔಟ್’ ಎಂದು ಬರೆದ ಕೆಂಪು ಬಿಳಿ ತೂತುಗಳಿಂದ ಅಲ್ಲಿಗೆ ವೈರು ಎಳೆದರೆ ಒಳ್ಳೆಯ ರೆಕಾರ್ಡಿಂಗೇ ಸಿಗುತ್ತದೆ. ಪಕ್ಕದ ಗುಲಾಬಿ ಬಣ್ಣದ್ದು ಮೈಕಿನದು, ಅದನ್ನು ಮುಟ್ಟಬೇಡಿ.

ವೈರಿನ ವಿಷಯದಲ್ಲಿ ಒಂದು ಮೋಸ ಕಣ್ಣಿಗೆ ಕಾಣುವುದೇ ಇಲ್ಲ, ಅದನ್ನು ತುಸು ಬಿಡಿಸಿ ಹೇಳಬೇಕು. ಮಿಕ್ಸರಿನ ದೊಡ್ಡ ಜಾಕಿನ ಔಟ್‌ಪುಟ್ ಸಾಮಾನ್ಯವಾಗಿ ಬ್ಯಾಲೆನ್ಸ್ಡ್. ಅಂದರೆ ಒಂದೇ ದನಿ ಎರಡು ತಂತಿಯಲ್ಲಿ ಸಾಗುತ್ತದೆ, ಒಂದರಲ್ಲಿ ನೇರವಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ. ಆಚೆ ತುದಿಯ ಯಂತ್ರ ಎರಡರ ವ್ಯತ್ಯಾಸ ತೆಗೆದುಕೊಳ್ಳುತ್ತದೆ; ದಾರಿಯಲ್ಲಿ ಎರಡಕ್ಕೂ ಒಂದೇ ಸಮ ಅಂಟಿದ ಕರಕರೆ ಆಗ ಕಳೆದುಹೋಗುತ್ತದೆ. ಬಹಳ ಚಂದದ ಉಪಾಯ. ಆದರೆ ಅಂಗಡಿಯಲ್ಲಿ ಸಿಗುವ ಸ್ಟೀರಿಯೊ ವೈರಿನ ಒಂದು ತುದಿಯನ್ನು ಇಂಥ ಒಂದು ಔಟ್‌ಪುಟ್ಟಿಗೂ ಇನ್ನೊಂದು ತುದಿಯನ್ನು ಕಂಪ್ಯೂಟರಿನ ಲೈನ್ ಇನ್‌ಗೂ ಸಿಕ್ಕಿಸಿದಿರಿ ಎನ್ನಿ. ನೇರ ದನಿ ಎಡಕ್ಕೆ ಹೋಗುತ್ತದೆ, ತಲೆಕೆಳಗಾದದ್ದು ಬಲಕ್ಕೆ. ಹೆಡ್‌ಫೋನಿನಲ್ಲಿ ಹಾಡು ಕೇಳಿಸುತ್ತದೆ, ಸ್ವಲ್ಪ ಟೊಳ್ಳು ಅನ್ನಿಸಬಹುದು ಅಷ್ಟೆ. ಅದನ್ನೇ ವಾಟ್ಸ್ಆ್ಯಪಿನಲ್ಲಿ ಕಳಿಸಿ, ಒಂಟಿ ಸ್ಪೀಕರಿನ ಮೊಬೈಲಿನಲ್ಲಿ ಹಾಕಿ ನೋಡಿ: ಎಡಬಲ ಎರಡೂ ಕೂಡಿ ಒಂದನ್ನೊಂದು ಅಳಿಸಿಬಿಡುತ್ತವೆ. ಹಾಡುಗಾರ ಮಾಯ! ಮೈಕು ಕೆಟ್ಟಿದೆ, ಫೋನು ಸರಿಯಿಲ್ಲ ಎಂದು ಊರೆಲ್ಲ ಹುಡುಕಿದರೂ ಕಾರಣ ಸಿಗುವುದಿಲ್ಲ. ಮಿಕ್ಸರಿನ ಎಡ ಔಟ್‌ಪುಟ್ಟಿಗೆ ಒಂದು ಮೋನೊ ಪಿನ್ನು, ಬಲಕ್ಕೆ ಇನ್ನೊಂದು ಮೋನೊ ಪಿನ್ನು, ಎರಡೂ ಸೇರಿ ಕಂಪ್ಯೂಟರ್ ಕಡೆ ಒಂದು ಸ್ಟೀರಿಯೊ ಪಿನ್ನು ಇರುವ ವೈರೇ ಬೇಕು. ಪಿನ್ನಿನ ಮೇಲೆ ಒಂದು ಕಪ್ಪು ಗೆರೆ ಇದ್ದರೆ ಮೋನೊ, ಎರಡಿದ್ದರೆ ಸ್ಟೀರಿಯೊ.

ವೈರು ಸರಿಯಾಯಿತು, ಆದರೂ ಹಿಂದೆ ಗುಂಯ್ ಎಂಬ ಸದ್ದು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತೂಗಾಡುತ್ತದೆ, ಆ ತೂಗಾಟವೇ ಇಲ್ಲಿ ಕೇಳಿಸುತ್ತಿರುವುದು. ಮಿಕ್ಸರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಲ್ಯಾಪ್‌ಟಾಪ್ ಚಾರ್ಜರ್ ಇನ್ನೊಂದರಲ್ಲಿ ಇದ್ದಾಗ ಎರಡರ ಅರ್ತಿಂಗ್ ನಡುವೆ ಆಡಿಯೊ ವೈರಿನ ಮೂಲಕವೇ ಕರೆಂಟು ಹರಿಯುವುದುಂಟು. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ; ಸದ್ದು ನಿಂತರೆ ರೋಗ ಅದೇ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಹೆಚ್ಚಿನ ಮಟ್ಟಿಗೆ ಗುಣವಾಗುತ್ತದೆ. ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ನನ್ನು ಮುರಿದು ಹಾಕುವ ಪದ್ಧತಿ ನಮ್ಮ ಕಡೆ ಇದೆ. ದಯವಿಟ್ಟು ಬೇಡ. ಒಳಗೆ ಎಲ್ಲಾದರೂ ಲೀಕ್ ಆದರೆ ಕರೆಂಟು ಮೈಕಿನ ಕಬ್ಬಿಣದ ಜಾಲರಿಗೆ ಬರುತ್ತದೆ, ಹಾಡುವವರ ತುಟಿ ಇರುವುದು ಅದರ ಹತ್ತಿರವೇ.

ಇನ್ನು ಮನೆಯೊಳಗಿನ ರೂಢಿಗಳು. ಮೊದಲನೆಯದು ಗೇನ್, ಅಂದರೆ ಮೈಕಿನ ದನಿಯನ್ನು ಮಿಕ್ಸರ್ ಎಷ್ಟು ಏರಿಸಿ ಒಳಗೆ ತೆಗೆದುಕೊಳ್ಳುತ್ತದೆ ಎಂಬುದು. ಮೈಕ್‌ಸೆಟ್ಟಿನಲ್ಲಿ ಕೆಂಪು ದೀಪ ಒಮ್ಮೊಮ್ಮೆ ಮಿಣುಕಿದರೂ ಜನ ಸಹಿಸುತ್ತಾರೆ. ಕಂಪ್ಯೂಟರ್ ಸಹಿಸುವುದಿಲ್ಲ. ಅದರ ಅಳತೆಯಲ್ಲಿ ಸೊನ್ನೆ ಡೆಸಿಬೆಲ್ ಎಂಬುದು ಮೇಲಿನ ಗಡಿ; ಅದನ್ನು ದಾಟಿದ ಅಲೆಯ ತುದಿ ಕತ್ತರಿಸಿ ಹೋಗುತ್ತದೆ, ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಮರಳಿಸಲಾರದು. ಆದ್ದರಿಂದ ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 12ರ ಹತ್ತಿರ ನಿಲ್ಲಲಿ. ದನಿ ಸಣ್ಣದಾಯಿತೆಂದು ಹೆದರಬೇಡಿ. 24 ಬಿಟ್ ರೆಕಾರ್ಡಿಂಗಿನಲ್ಲಿ ಆಮೇಲೆ ಏರಿಸಿದರೂ ಗಲೀಜು ಏಳುವುದಿಲ್ಲ. ಕಂಸಾಳೆ ಇದ್ದರಂತೂ ಇನ್ನೂ ತಗ್ಗಿಸಿ. ಕಂಚು ಕಂಚಿಗೆ ತಗುಲಿದ ಕ್ಷಣದ ಹೊಡೆತ ಎಷ್ಟು ಚುರುಕೆಂದರೆ ಮಿಕ್ಸರಿನ ದೀಪ ಅದನ್ನು ಕಾಣುವ ಮೊದಲೇ ಮುಗಿದಿರುತ್ತದೆ. ದೀಪ ಹಸಿರಾಗಿದ್ದೂ ರೆಕಾರ್ಡಿಂಗ್ ಒಡೆದಿರಬಹುದು. ಕಂಸಾಳೆಯವರನ್ನು ಮೈಕಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸುವುದೇ ಎಲ್ಲಕ್ಕಿಂತ ಒಳ್ಳೆಯ ಮದ್ದು.

ಎರಡನೆಯ ರೂಢಿ ಎಕೋ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಸಾಮಾನ್ಯ ಯುಎಸ್‌ಬಿ ಮಿಕ್ಸರುಗಳು ಕಂಪ್ಯೂಟರಿಗೆ ಕಳಿಸುವುದು ಎಲ್ಲ ಚಾನೆಲ್ ಬೆರೆತ ಕೊನೆಯ ಮಿಶ್ರಣವನ್ನು, ಅಂದರೆ ಎರಡೇ ಟ್ರ್ಯಾಕನ್ನು. ನೀವು ಹಾಕಿದ ಎಕೋ, ಏರಿಸಿದ ಬೇಸ್ ಎಲ್ಲವೂ ಅದರಲ್ಲಿ ಕರಗಿಹೋಗಿರುತ್ತವೆ. ಎಕೋ ಆಮೇಲೆ ಸೇರಿಸಬಹುದು, ತೆಗೆಯಲು ಬರುವುದಿಲ್ಲ. ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರ ದನಿಯಲ್ಲಿ ಉಸಿರಿನ ಎಳೆತ, ತಂಬೂರಿಯ ಶ್ರುತಿಗೆ ಒರಗುವ ಕೊನೆಯಕ್ಷರ, ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುವ ಜಾಗ ಎಲ್ಲವೂ ಸ್ಪಷ್ಟವಾಗಿ ಉಳಿಯಬೇಕು. ಎಕೋದ ಕೆಸರಿನಲ್ಲಿ ಅದನ್ನು ಮುಳುಗಿಸುವುದು ಅನ್ಯಾಯ. ಬೇಸ್, ಟ್ರೆಬಲ್ ಗುಂಡಿಗಳನ್ನು ನಡುವಿಗೆ ತಂದು, ಎಕೋ ಸೊನ್ನೆ ಮಾಡಿ ರೆಕಾರ್ಡ್ ಮಾಡಿ.

ಎರಡೇ ಟ್ರ್ಯಾಕ್ ಇದ್ದರೂ ಒಂದು ಜಾಣತನ ಉಂಟು. ಹಾಡುವವರ ಮೈಕಿನ ಪ್ಯಾನ್ ಗುಂಡಿಯನ್ನು ಪೂರ್ತಿ ಎಡಕ್ಕೆ, ಗಗ್ಗರ ಮತ್ತು ಢಕ್ಕೆಯ ಮೈಕನ್ನು ಪೂರ್ತಿ ಬಲಕ್ಕೆ ತಿರುಗಿಸಿ. ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ಸ್ಟೀರಿಯೊ ರೆಕಾರ್ಡ್ ಮಾಡಿದ ಮೇಲೆ ಅದನ್ನು ಎರಡು ಮೋನೊ ಟ್ರ್ಯಾಕಾಗಿ ಸೀಳಿದರೆ ಕಂಠ ಬೇರೆ, ವಾದ್ಯ ಬೇರೆ. ಒಂದರ ದನಿ ಏರಿಸಿ ಇನ್ನೊಂದನ್ನು ತಗ್ಗಿಸಬಹುದು. ಒಂದೇ ಕೋಣೆಯಲ್ಲಿ ಕೂತರೆ ಒಂದರ ಸದ್ದು ಇನ್ನೊಂದರ ಮೈಕಿಗೆ ಸೋರುತ್ತದೆ, ನಿಜ. ಆದರೂ ಕೈಗೆ ಸಿಗುವ ಹಿಡಿತ ದೊಡ್ಡದು.

ಸಾಫ್ಟ್‌ವೇರಿನಲ್ಲಿ ಇನ್‌ಪುಟ್ ಆಗಿ ಯುಎಸ್‌ಬಿ ಮಿಕ್ಸರನ್ನೇ ಆರಿಸಿ; ಎಷ್ಟೋ ಸಲ ಲ್ಯಾಪ್‌ಟಾಪಿನ ಸ್ವಂತ ಮೈಕೇ ರೆಕಾರ್ಡ್ ಆಗುತ್ತಿರುತ್ತದೆ. ಅನುಮಾನವಿದ್ದರೆ ಲ್ಯಾಪ್‌ಟಾಪಿನ ಮೈ ಮೇಲೆ ಉಗುರಿನಿಂದ ತಟ್ಟಿ, ಮೀಟರ್ ಕುಣಿದರೆ ತಪ್ಪು ಮೈಕು. ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ‘ಎನ್‌ಹಾನ್ಸ್‌ಮೆಂಟ್’ ಎಂದಿರುವುದನ್ನೆಲ್ಲ ಆಫ್ ಮಾಡಿಬಿಡಿ. ಮಾತಿಗೆಂದು ಮಾಡಿದ ಆ ಶುದ್ಧೀಕರಣ ತಂಬೂರಿಯ ನಿರಂತರ ಶ್ರುತಿಯನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸಲು ಹೊರಡುತ್ತದೆ.

ಮೊದಲು ಒಂದು ದನಿ ರೆಕಾರ್ಡ್ ಮಾಡಿ, ಅದನ್ನು ಕೇಳುತ್ತ ಇನ್ನೊಂದನ್ನು ಸೇರಿಸುವುದಾದರೆ ಎರಡು ಎಚ್ಚರ. ಕಂಪ್ಯೂಟರಿನಿಂದ ಮರಳಿ ಬರುವ ದನಿಯನ್ನು ಹೆಡ್‌ಫೋನಿಗೆ ಮಾತ್ರ ಕೊಡಿ. ಮೇನ್‌ಗೆ ಕೊಟ್ಟರೆ ಅದು ಮತ್ತೆ ಕಂಪ್ಯೂಟರಿಗೆ ಹೋಗಿ, ಮತ್ತೆ ಬಂದು, ಸುತ್ತುತ್ತಲೇ ಇರುತ್ತದೆ. ಇನ್ನೊಂದು, ಹಾಡುವವರು ತಮ್ಮ ದನಿಯನ್ನು ಕಂಪ್ಯೂಟರ್ ಸುತ್ತಿ ಬಂದಮೇಲೆ ಕೇಳಬಾರದು. ಕಂಪ್ಯೂಟರ್ 1024 ಸ್ಯಾಂಪಲ್ ಒಟ್ಟುಮಾಡಿ ಕೆಲಸ ಮಾಡುತ್ತಿದ್ದರೆ ಒಂದು ಕಡೆಯ ದಾರಿಗೇ 21 ಮಿಲಿಸೆಕೆಂಡ್ ತಡ. ತಾಳ ಜಾರುವುದಕ್ಕೆ ಇಷ್ಟು ಸಾಕು. ಮಿಕ್ಸರ್ ಇರುವ ದೊಡ್ಡ ಲಾಭವೇ ಇಲ್ಲಿ: ಅದರ ಹೆಡ್‌ಫೋನ್ ತೂತಿನಿಂದ ದನಿ ತಡವಿಲ್ಲದೆ ನೇರ ಕಿವಿಗೆ ಬರುತ್ತದೆ.

ಕೋಣೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ರೇಡಿಯೊ ಕೇಂದ್ರ ಶುರುಮಾಡಿದರು. ಬರಿಯ ತಾರಸಿ ಮನೆಗಿಂತ ಹಂಚಿನ ಮನೆಯಲ್ಲಿ ದನಿ ಕಡಿಮೆ ಮಾರ್ದನಿಸುತ್ತದೆ. ಹಾಡುವವರ ಬೆನ್ನ ಹಿಂದೆ ದಪ್ಪ ಕಂಬಳಿ ಇಳಿಬಿಟ್ಟು, ಫ್ಯಾನ್ ನಿಲ್ಲಿಸಿದರೆ ಅರ್ಧ ಕೆಲಸವಾಯಿತು.

ಕಡೆಗೆ ಫೈಲು. 24 ಬಿಟ್, 48,000 ಹರ್ಟ್ಜ್, ಸ್ಟೀರಿಯೊ ಎಂದರೆ ಗಂಟೆಗೆ ಸುಮಾರು 1 ಜಿಬಿ. ಮಾಮೂಲಿ ವೇವ್ ಫೈಲಿಗೆ 4 ಜಿಬಿಯ ಮಿತಿ ಇದೆ. ರಾತ್ರಿಯಿಡೀ ನಡೆಯುವ ಮಾದೇಶ್ವರನ ಕಥೆಯನ್ನು ಒಂದೇ ಫೈಲಿಗೆ ತುಂಬಿಸಲು ಹೊರಟರೆ ನಡುರಾತ್ರಿ ದಾಟುವಾಗ ಅದು ಕೈಕೊಡಬಹುದು. ಕಥೆಯೇ ಸಾಲುಗಳಾಗಿ ಒಡೆದಿದೆಯಲ್ಲ. ಸಂಕಮ್ಮನ ಸಾಲಿಗೆ ಒಂದು ಫೈಲು, ಮುಂದಿನದಕ್ಕೆ ಇನ್ನೊಂದು. ಪ್ರತಿಯೊಂದರ ಮೊದಲಲ್ಲಿ ಹಾಡುವವರ ಹೆಸರು, ಊರು, ತಾರೀಕನ್ನು ಅವರ ಬಾಯಿಂದಲೇ ಹೇಳಿಸಿ. ಎಂಪಿ3 ಮಾಡಿ ಹಂಚಿ, ಆದರೆ ಮೂಲ ವೇವ್ ಫೈಲನ್ನು ಅಳಿಸದೆ ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಿನಲ್ಲಿಟ್ಟು, ಒಂದನ್ನು ಹಾಡಿದವರ ಮನೆಗೇ ಕೊಡಿ.